ಫೀಚರ್‌ಗಳ ಪರಸ್ಪರ ಪ್ರಭಾವ

ಕ್ಯಾಡ್ ಮಾದರಿಯಲ್ಲಿ ರಂಧ್ರ, ಸ್ಲಾಟ್, ಪಾಕೆಟ್‌ನಂಥ ಫೀಚರ್‌ಗಳು ಒಂದನ್ನೊಂದು ಹಾಯುವುದನ್ನು, ಇಲ್ಲವೇ ಒಂದರ ಯಂತ್ರಗಾರಿಕೆ ಇನ್ನೊಂದನ್ನು ಬಾಧಿಸುವುದನ್ನು ಫೀಚರ್‌ಗಳ ಪರಸ್ಪರ ಪ್ರಭಾವ ಎನ್ನುತ್ತಾರೆ. ಬಹುಕಾಲ ಇದನ್ನು ಆಕಾರ ಗುರುತಿಸುವ ಪ್ರೋಗ್ರಾಮಿನ ತೊಡಕೆಂದೇ ಭಾವಿಸಲಾಗಿತ್ತು. ಅದಕ್ಕೆ ಕಾರಣವೂ ಇತ್ತು. ಜೋಶಿ ಮತ್ತು ಚಾಂಗ್ 1988ರಲ್ಲಿ ಮಂಡಿಸಿದ, ಮುಖಗಳ ಜೋಡಣೆಯನ್ನು ಗ್ರಾಫಾಗಿ ನೋಡುವ ವಿಧಾನದಲ್ಲಿ ಸ್ಲಾಟ್ ಎಂದರೆ ಒಂದು ತಳ, ಅದಕ್ಕೆ ಒಳಗೋನದಲ್ಲಿ ಅಂಟಿದ ಎರಡು ಗೋಡೆ. ಒಂದೇ ಆಳದ ಎರಡು ಸ್ಲಾಟ್‌ಗಳು ಅಡ್ಡ ಹಾಯ್ದರೆ ತಳಗಳು ಬೆರೆತು ಒಂದಾಗುತ್ತವೆ, ನಾಲ್ಕು ಗೋಡೆಗಳು ಒಡೆದು ಎಂಟಾಗುತ್ತವೆ. ಹುಡುಕುವ ವಿನ್ಯಾಸವೇ ಅಲ್ಲಿ ಉಳಿಯುವುದಿಲ್ಲ. ವಾಂಡೆನ್‌ಬ್ರಾಂಡೆ ಮತ್ತು ರೆಕಿಚಾ 1993ರಲ್ಲಿ ಪೂರ್ಣ ವಿನ್ಯಾಸದ ಬದಲು ಉಳಿದ ಸುಳಿವುಗಳಿಂದ ಫೀಚರನ್ನು ಮರಳಿ ಕಟ್ಟುವ ದಾರಿ ತೋರಿದರು. ಆದರೂ ಪ್ರಶ್ನೆ ಉಳಿಯಿತು: ಆ ಶಿಲುಬೆಯಾಕಾರವು ಎರಡು ಪೂರ್ಣ ಸ್ಲಾಟ್‌ಗಳೋ, ಒಂದು ಪೂರ್ಣ ಸ್ಲಾಟ್ ಮತ್ತು ಎರಡು ತುಂಡುಗಳೋ?

ಇದಕ್ಕೆ ಉತ್ತರ ಆಕಾರದಲ್ಲಿ ಇಲ್ಲ, ಕೆಲಸದ ಕ್ರಮದಲ್ಲಿದೆ. ಸ್ಲಾಟಿನ ತಳದಲ್ಲಿರುವ ರಂಧ್ರವನ್ನು ಮೊದಲೇ ಕೊರೆದರೆ ಡ್ರಿಲ್ ಸ್ಲಾಟಿನ ಆಳವನ್ನೂ ದಾಟಬೇಕು. ಸ್ಲಾಟ್ ಕಡೆದ ಮೇಲೆ ಕೊರೆದರೆ ಅಷ್ಟು ಆಳ ಕೊರೆಯುವ ಕೆಲಸ ಉಳಿಯುತ್ತದೆ. ಓರೆ ಮೇಲ್ಮೈಯಲ್ಲಿ ಡ್ರಿಲ್ ಜಾರುವುದರಿಂದ ಅಲ್ಲಿ ರಂಧ್ರವನ್ನೇ ಮೊದಲು ಕೊರೆಯುವುದು ಲೇಸು. ಎರಡು ಪಾಕೆಟ್‌ಗಳ ನಡುವಿನ ತೆಳುಗೋಡೆಯಂತೂ ಇನ್ನೂ ಬಲವಾದ ಸಾಕ್ಷಿ: ಅವು ಪರಸ್ಪರ ಮುಟ್ಟುವುದೇ ಇಲ್ಲ, ಗ್ರಾಫಿನಲ್ಲಿ ಯಾವ ತೊಡಕೂ ಕಾಣದು, ಆದರೆ ಎರಡನೆಯದನ್ನು ಕಡೆಯುವಾಗ ಗೋಡೆ ಬಾಗಿ ಅಳತೆ ತಪ್ಪುತ್ತದೆ.

ವಿನ್ಯಾಸಕನೇ ಫೀಚರ್‌ಗಳಿಂದ ಮಾದರಿ ಕಟ್ಟಿದರೆ ಗುರುತಿಸುವ ಗೋಜೇ ಇಲ್ಲವಲ್ಲ ಎಂಬ ಆಕ್ಷೇಪವಿದೆ. ಆದರೆ ಅವನು ಬಲಕ್ಕೆಂದು ಸೇರಿಸಿದ ಒಂದು ರಿಬ್, ಮಿಲ್ಲಿಂಗ್ ಮಾಡುವವನ ಪಾಲಿಗೆ ಅದರ ಎರಡು ಬದಿಯಲ್ಲಿ ತೆಗೆಯಬೇಕಾದ ಲೋಹ. ಇಂದಿನ ನರಜಾಲಗಳು ಸಾಕೆನ್ನುವವರಿಗೂ ಉತ್ತರ ಇದೇ: ಮುಖಕ್ಕೊಂದೇ ಹೆಸರು ಹಚ್ಚುವ ಜಾಲವು ಎರಡು ಸ್ಲಾಟ್‌ಗಳು ಹಂಚಿಕೊಂಡ ತಳವನ್ನು ಯಾವುದಕ್ಕೆ ಸೇರಿಸಬೇಕು? ಹಾಗಾದರೆ ಒಂದೇ ಆಕಾರದ ಪರ್ಯಾಯ ವ್ಯಾಖ್ಯಾನಗಳನ್ನೆಲ್ಲ ಉಳಿಸಿಕೊಂಡರೆ ಅವುಗಳ ಸಂಖ್ಯೆ ಬೆಟ್ಟದಷ್ಟಾಗುತ್ತದೆ ಎಂಬ ಆತಂಕ ಮಾತ್ರ ನಿಜವಾದದ್ದು. ಆದರೂ ಕಟ್ಟರ್ ತಲುಪದ, ಹಿಡಿತಕ್ಕೆ ಸಿಗದ, ಟಾಲರೆನ್ಸ್ ಕಾಯದ ಆಯ್ಕೆಗಳನ್ನು ಆರಂಭದಲ್ಲೇ ಕೈಬಿಡಬಹುದು. 1990ರ ದಶಕದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗುಪ್ತಾ, ನೌ ಮತ್ತು ರೆಗ್ಲಿ ಈ ಹಾದಿಯನ್ನೇ ಹಿಡಿದು, ಒಂದೇ ಭಾಗದ ಹಲವು ಫೀಚರ್ ವ್ಯಾಖ್ಯಾನಗಳನ್ನು ತಯಾರಿಕೆಯ ದೃಷ್ಟಿಯಿಂದ ತೂಗಿ ನೋಡಿದರು.