ಕುಲಕರ್ಣಿಯ ದಫ್ತರವೂ ಗಣಕಯಂತ್ರದ ಮೇಜೂ

ನಿಮ್ಮ ಮನೆಯಲ್ಲಿಯೋ, ನಿಮ್ಮ ಮಕ್ಕಳು ದುಡಿಯುವ ಕಚೇರಿಯಲ್ಲಿಯೋ ಇರುವ ಗಣಕಯಂತ್ರವನ್ನು ಚಾಲೂ ಮಾಡಿ ಅದರ ಪರದೆಯನ್ನೊಮ್ಮೆ ನೋಡಿರಿ. ಅಲ್ಲಿ ಕಾಣುವದು ಒಂದು ಮೇಜಿನ ಚಿತ್ರ. ಅದರ ಹೆಸರೂ 'ಡೆಸ್ಕ್‌ಟಾಪ್' ಎಂದೇ. ಮೇಜಿನ ಮೇಲ್ಭಾಗ ಎಂದು ಅದರ ಅರ್ಥ. ಅದರ ಮೇಲೆ ಕಾಗದಗಳು, ಕಾಗದವಿಡಲು ಹಳದಿ ಬಣ್ಣದ ಫೋಲ್ಡರು, ಬೇಡವಾದುದನ್ನು ಎಸೆಯಲು ಕಸದ ಬುಟ್ಟಿ. ಇದು ಯಾರ ಮೇಜು? ನವಲಗುಂದದ ಮಾಮಲೇದಾರ ಕಚೇರಿಯದಂತೂ ಅಲ್ಲ, ಅಣ್ಣಿಗೇರಿಯ ಅಡತಿ ಅಂಗಡಿಯದೂ ಅಲ್ಲ. ಇದು ಅಮೇರಿಕೆಯ ಕಚೇರಿಯ ಮೇಜು.

ಅದರ ಜನ್ಮಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1968ನೆಯ ಇಸವಿಯ ಡಿಸೆಂಬರ 9ರಂದು ಡಗ್ಲಸ್ ಎಂಗಲ್‌ಬಾರ್ಟ್ ಎಂಬ ವಿಜ್ಞಾನಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ, ಕೈಯಲ್ಲಿ ಹಿಡಿದು ಸರಿಸುವ ಒಂದು ಚಿಕ್ಕ ಸಾಧನದಿಂದ ಪರದೆಯ ಮೇಲಿನ ಬರಹವನ್ನು ನಡೆಯಿಸಿ ತೋರಿಸಿದನು. ಅದೇ ಇಂದಿನ 'ಮೌಸ್'. ಅಲ್ಲಿಂದ ಮುಂದೆ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾಲಯದವರು 1973ರಲ್ಲಿ 'ಆಲ್ಟೋ' ಎಂಬ ಯಂತ್ರವನ್ನೂ, 1981ರಲ್ಲಿ ಆ ಕಂಪನಿಯವರು 'ಸ್ಟಾರ್' ಎಂಬ ಯಂತ್ರವನ್ನೂ ಹೊರತಂದರು. ಸ್ಟಾರ್ ಯಂತ್ರದ ಪರದೆಯ ಮೇಲೆ ಕಾಗದ, ಫೋಲ್ಡರು, ಬಂದ ಟಪಾಲಿನ ತಟ್ಟೆ, ಹೋಗುವ ಟಪಾಲಿನ ತಟ್ಟೆ ಎಲ್ಲವೂ ಚಿತ್ರರೂಪದಲ್ಲಿದ್ದವು. 1984ರಲ್ಲಿ ಬಂದ 'ಮ್ಯಾಕಿಂಟಾಶ್' ಇದೇ ಚಿತ್ರವನ್ನು ಮನೆಮನೆಗೆ ಮುಟ್ಟಿಸಿತು. ಹೊಸ ಯಂತ್ರಕ್ಕೆ ಅಂಜುವ ಗುಮಾಸ್ತನಿಗೆ ಅವನ ಹಳೆಯ ಮೇಜನ್ನೇ ತೋರಿಸಿದರೆ ಅಂಜಿಕೆ ಹೋದೀತೆಂಬುದು ಅವರ ಯುಕ್ತಿ. ಯುಕ್ತಿ ಫಲಿಸಿತು.

ಆದರೆ ಮೇಜಿನೊಂದಿಗೆ ಮೇಜಿನ ತೊಂದರೆಯೂ ಒಳಗೆ ಬಂದಿತು. ಮಗಳ ಮದುವೆಯ ಲಗ್ನಪತ್ರಿಕೆಯನ್ನು ಗಣಕಯಂತ್ರದಲ್ಲಿ ಬರೆಯಿಸಿದವರಿಗೆ ಇದು ಗೊತ್ತು. ಒಂದು ಪ್ರತಿ 'ಕೊನೆಯದು', ಇನ್ನೊಂದು 'ಕೊನೆಯದು ಎರಡು', ಮತ್ತೊಂದು 'ಖರೇ ಕೊನೆಯದು'. ಮುದ್ರಣಾಲಯಕ್ಕೆ ಹೋದದ್ದು ಮಾತ್ರ ಮೊದಲನೆಯದು! ಕಾಗದವೆಂಬುದು ಒಂದು ವೇಳೆಗೆ ಒಂದೇ ಫೋಲ್ಡರಿನಲ್ಲಿರಬೇಕು, ಅದಕ್ಕೆ ಒಂದು ಹೆಸರಿಡಬೇಕು, ಆ ಹೆಸರನ್ನು ನೆನಪಿನಲ್ಲಿಡಬೇಕು: ಇದು ಆ ಮೇಜಿನ ಕಟ್ಟಳೆ. ದುಡಿಯುವವನ ಹೊತ್ತು ದುಡಿಯುವದರಲ್ಲಿ ಹೋಗದೆ ಹುಡುಕುವದರಲ್ಲಿ ಹೋಗುತ್ತದೆ. ಈ ಮೇಜನ್ನು ಮೊದಲಿನಿಂದ ಹೊಸದಾಗಿ ವಿಚಾರಿಸಬೇಕೆಂದವರು ಅಲ್ಲಿಯೇ ಹುಟ್ಟಿಕೊಂಡರು. ಮ್ಯಾಕಿಂಟಾಶ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ನನೇ ಮುಂದೆ ಈ ಪದ್ಧತಿಯ ಕಟು ಟೀಕಾಕಾರನಾದನು. ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಗೆಲರ್ಂಟರ್, ಎರಿಕ್ ಫ್ರೀಮನ್ ಎಂಬವರು 1990ರ ದಶಕದಲ್ಲಿ, ಫೋಲ್ಡರುಗಳೇ ಬೇಡ, ಎಲ್ಲ ಕಾಗದಗಳೂ ಬಂದ ದಿನದ ಕ್ರಮದಲ್ಲಿ ಒಂದು ಹೊಳೆಯಂತೆ ಹರಿಯಲಿ ಎಂದರು.

ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಹಳೆಯ ಕುಲಕರ್ಣಿಗಳ ದಫ್ತರ ನೆನಪಾಯಿತು. ಯೇಲಿನವರು ನಮ್ಮಿಂದ ಕಲಿತರೆಂದು ನಾನು ಹೇಳುವದಿಲ್ಲ. ಅಂಥ ಅಭಿಮಾನದ ಮಾತಿನಿಂದ ಯಾರಿಗೂ ಲಾಭವಿಲ್ಲ. ಆದರೆ ಒಂದೇ ಸಂಗತಿಯನ್ನು ಹಲವು ಕ್ರಮಗಳಲ್ಲಿ ಹುಡುಕುವದು ಹೇಗೆ ಎಂಬ ಪ್ರಶ್ನೆಗೆ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಉತ್ತರವಿದ್ದಿತು. ಆ ಉತ್ತರದಲ್ಲೊಂದು ದೊಡ್ಡ ಕೊರತೆಯೂ ಇದ್ದಿತು.

ಕುಲಕರ್ಣಿಗೆ ಮೇಜಿರಲಿಲ್ಲ. ಜಮಖಾನೆಯ ಮೇಲೆ ಕುಳಿತು, ಇಳಿಜಾರು ಮುಚ್ಚಳದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಟಾಕು ದೌತಿಯಿಂದ ಬರೆಯುವದು ಅವನ ರೂಢಿ. ಬೆನ್ನ ಹಿಂದೆ ಗೋಡೆಯ ಗೂಡಿನಲ್ಲಿ ರುಮಾಲಿನಲ್ಲಿ ಕಟ್ಟಿದ ಗಂಟುಗಳು. ಆ ಗಂಟೇ ದಫ್ತರ. ಹಳೆಯ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯವು. ನಮ್ಮ ಭಾಗದ ಹಳೆಯ ವಾಡೆಗಳಲ್ಲಿ ಅಂಥವು ಇನ್ನೂ ಸಿಗುತ್ತವೆ, ಓದಬಲ್ಲವರು ಮಾತ್ರ ವಿರಳ. ಪೆಟ್ಟಿಗೆಯ ಇಳಿಜಾರು ಬರೆಯುವವನ ಕಡೆಗೆ. ಎದುರಿಗೆ ಕುಳಿತ ಒಕ್ಕಲಿಗನಿಗೆ ಕಾಣುವದು ಮುಚ್ಚಳದ ಹಿಂಬದಿ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿರಿ.

ಮೊದಲಿಗೆ ಹೊಲಗಳಿಗೆ ಹೆಸರುಗಳಷ್ಟೇ ಇದ್ದವು: ಹುಣಸೀಗಿಡದ ಹೊಲ, ಹಳ್ಳದ ದಂಡಿಯ ಹೊಲ, ಆ ಎರಿ, ಈ ಮಸಾರಿ. ಊರಿನವನಿಗೆ ಅದು ಸಾಕು, ಹೊರಗಿನವನಿಗೆ ಅದರಿಂದ ಏನೂ ತಿಳಿಯದು. ಇಂಗ್ಲಿಷರ ಮುಂಬಯಿ ಸರಕಾರದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು 1835ರಲ್ಲಿ ಪುಣೆಯ ಇಂದಾಪುರದಲ್ಲಿ ಹೊಸ ಮೋಜಣಿಯನ್ನು ಆರಂಭಿಸಿದರು. 1840ರ ದಶಕದಲ್ಲಿ ವಿಂಗೇಟನು ಅದೇ ಪದ್ಧತಿಯನ್ನು ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ನಮ್ಮ ಭಾಗಕ್ಕೆ ತಂದನು. 33 ಅಡಿಯ ಸರಪಳಿ. ಸರಪಳಿಯುದ್ದ ಸರಪಳಿಯಗಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಪ್ರತಿ ಹೊಲಕ್ಕೂ ಒಂದು ಸರ್ವೇ ನಂಬರು, ಮೂಲೆಗೆ ಬಾಂದಗಲ್ಲು. ಆಮೇಲೆ 1847ರ ಅವರ ಸಂಯುಕ್ತ ವರದಿ ಈ ನಿಯಮಗಳನ್ನು ಒಂದು ಕಟ್ಟಿಗೆ ತಂದಿತು. ಹೊಲವು ಅಂಕಿಯಾದಂದಿನಿಂದ, ಊರನ್ನೆಂದೂ ನೋಡದವನೂ ಅದರ ಕಾಗದವನ್ನು ಹುಡುಕಿ ತೆಗೆಯಬಹುದಾಯಿತು.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1903ರ ಕಾಯದೆಯಿಂದ ಮುಂಬಯಿ ಪ್ರಾಂತದಲ್ಲಿ ಹಕ್ಕುಪತ್ರದ ವಹಿಗಳು ಬಂದವು. ಮುಂದೆ ಆಂಡರ್ಸನ್ ಎಂಬ ಅಧಿಕಾರಿ ಊರಿನ ಲೆಕ್ಕಗಳ ನಮೂನೆಗಳಿಗೆಲ್ಲ ಕೈಪಿಡಿಯೊಂದನ್ನು ಸಿದ್ಧಪಡಿಸಿದನು. ಈ ನಮೂನೆಗಳಲ್ಲಿ ಮೂರನ್ನು ನೀವು ಲಕ್ಷ್ಯವಿಟ್ಟು ನೋಡಬೇಕು. ಆರನೆಯ ನಮೂನೆ ದಿನಾಂಕದ ಕ್ರಮದ್ದು: ಇಂದು ಮಾರಾಟ, ನಾಳೆ ವಾರಸಾ, ನಾಡಿದ್ದು ಪಾಲು ವಾಟ್ನಿ, ಬಂದ ಹಾಗೆ ಒಂದರ ಕೆಳಗೊಂದು. ಏಳು ಮತ್ತು ಹನ್ನೆರಡನೆಯ ನಮೂನೆಗಳು ಒಂದೇ ಹಾಳೆಯಲ್ಲಿದ್ದು ಹೊಲದ ಕ್ರಮದವು: ಈ ನಂಬರು ಯಾರದು, ಬೋಜಾ ಎಷ್ಟು, ಯಾವ ಪೀಕು. ಎಂಟು 'ಅ' ನಮೂನೆ ಮನುಷ್ಯನ ಕ್ರಮದ್ದು: ಈ ಖಾತೆದಾರನಿಗೆ ಯಾವ ಯಾವ ಹೊಲ, ಒಟ್ಟು ಎಷ್ಟು ಪಟ್ಟಿ. ಸಂಗತಿ ಒಂದೇ, ಅದಕ್ಕೆ ಬಾಗಿಲು ಮೂರು. ನೀವು ದಿನ ಹೇಳಿರಿ, ನಂಬರು ಹೇಳಿರಿ, ಹೆಸರು ಹೇಳಿರಿ, ಯಾವ ಬಾಗಿಲಿನಿಂದ ಹೊಕ್ಕರೂ ಅದೇ ಹೊಲದಲ್ಲಿ ಬಂದು ನಿಲ್ಲುತ್ತೀರಿ. ಅಂಗಡಿಕಾರರಿಗೆ ಇದು ಹೊಸತೇನಲ್ಲ; ದಿನದ ಕಿರ್ದಿ ಮತ್ತು ಹೆಸರಿನ ಖತಾವಣಿ ಎರಡನ್ನೂ ಅವರು ಇಟ್ಟೇ ಇಡುತ್ತಾರೆ. ಗೆಲರ್ಂಟರನ ಹೊಳೆಯೆಂದರೆ ಆರನೆಯ ನಮೂನೆ. ಆದರೆ ಅದೊಂದೇ ಇದ್ದರೆ ಕುಲಕರ್ಣಿಗೆ ಸಾಲುತ್ತಿರಲಿಲ್ಲ.

ಈ ವಹಿಗಳಲ್ಲಿ ಇನ್ನೊಂದು ಜಾಣತನವಿದ್ದಿತು. ಹೊಸ ಬದಲಾವಣೆಯನ್ನು ಏಳನೆಯ ನಮೂನೆಯಲ್ಲಿ ಮೊದಲು ಪೆನ್ಸಿಲಿನಿಂದ ಗುರುತು ಮಾಡುವರು. ಮೇಲಿನ ಅಧಿಕಾರಿ ವಿಚಾರಿಸಿ ಖಾತ್ರಿಪಡಿಸಿದ ಬಳಿಕ ಅದಕ್ಕೆ ಮಸಿ ಬೀಳುವದು. ಆರನೆಯ ನಮೂನೆಯಲ್ಲಿಯ ಅನುಕ್ರಮ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಬರೆದು ಸುತ್ತ ಒಂದು ವರ್ತುಲ ಎಳೆಯುವರು. ಹಕ್ಕು ಹೋದವನ ಹೆಸರನ್ನು ಅಳಿಸುತ್ತಿರಲಿಲ್ಲ, ಕಂಸದಲ್ಲಿಡುತ್ತಿದ್ದರು. ಹಾಳೆಯನ್ನು ನೋಡಿದರೆ ಯಾವುದು ಇನ್ನೂ ನಿಕಾಲಿ ಆಗಿಲ್ಲ, ಯಾವುದು ಆಗಿದೆ, ಮೊದಲು ಯಾರಿದ್ದರು ಎಂಬುದೆಲ್ಲ ಕಣ್ಣಿಗೇ ತಿಳಿಯುವದು. ಪರದೆಯ ವಿನ್ಯಾಸ ಮಾಡುವ ಇಂದಿನ ತರುಣರಿಗೆ ಈ ಪೆನ್ಸಿಲು, ವರ್ತುಲ, ಕಂಸಗಳನ್ನು ಒಂದು ದಿನ ತೋರಿಸಬೇಕೆಂದು ನನಗೆ ಬಹಳ ಆಸೆ.

ಹಾಗಾದರೆ ಕೊರತೆ ಯಾವುದು? ದಫ್ತರ ಒಂದೇ, ಅದರ ಗಂಟು ಬಿಚ್ಚುವ ಕೈಯೂ ಒಂದೇ. ಮೂರು ಬಾಗಿಲುಗಳೂ ಪೆಟ್ಟಿಗೆಯ ಒಂದೇ ಬದಿಗೆ ಇದ್ದವು. ಉತಾರ ಬೇಕಾದರೆ ಕೇಳಿಕೊಳ್ಳಬೇಕು, ಕಾಯಬೇಕು, ಬರೆದುಕೊಟ್ಟದ್ದನ್ನು ನಂಬಬೇಕು. ಎಲ್ಲ ಕುಲಕರ್ಣಿಗಳೂ ಕೆಟ್ಟವರಿದ್ದರೆಂದಲ್ಲ. ಕ್ಷಾಮದ ವರುಷದಲ್ಲಿ ಒಕ್ಕಲಿಗನ ಪರವಾಗಿ ನಿಂತು ಬರೆದವರೂ ಇದ್ದಾರು. ಆದರೆ ಒಬ್ಬನ ಒಳ್ಳೆಯತನದ ಮೇಲೆ ಊರಿನ ಭೂಮಿಯೆಲ್ಲ ನಿಂತಿದ್ದಿತು. ಕುಲಕರ್ಣಿ ವತನಗಳನ್ನು ರದ್ದುಪಡಿಸುವ ಮುಂಬಯಿಯ ಕಾಯದೆ 1950ರಲ್ಲಿ ಆಗಿ, ಅವನ ಸ್ಥಳಕ್ಕೆ ಪಗಾರದ ತಲಾಠಿ ಬಂದನು. 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳವೂ ಜಿಲ್ಲೆಯೊಳಗೆ ಬಂದಿತು. 1956ರಲ್ಲಿ ರಾಜ್ಯ ಬದಲಾಯಿತು, 1964ರಲ್ಲಿ ಭೂಕಂದಾಯ ಕಾಯದೆ ಬದಲಾಯಿತು, ನಮೂನೆಯ ಹೆಸರು ಪಹಣಿಯೆಂದಾಯಿತು. ನಮ್ಮ ಜನ ಮಾತ್ರ ಇಂದಿಗೂ ಉತಾರವೆಂದೇ ಅನ್ನುತ್ತಾರೆ. ಆದರೆ ಆ ಪೆಟ್ಟಿಗೆ ಯಾವ ಕಡೆಗೆ ಇಳಿಜಾರಾಗಿದ್ದಿತೋ ಅದೇ ಕಡೆಗೇ ಉಳಿಯಿತು.

ಈ ಸಹಸ್ರಮಾನದ ಮೊದಲ ವರುಷಗಳಲ್ಲಿ ಕರ್ನಾಟಕ ಸರಕಾರವು 'ಭೂಮಿ' ಎಂಬ ಯೋಜನೆಯನ್ನು ನಡೆಯಿಸಿತು. ರಾಜೀವ ಚಾವ್ಲಾ ಎಂಬ ಅಧಿಕಾರಿ ಅದರ ಮುಂದಾಳು. ಸುಮಾರು 67 ಲಕ್ಷ ಜಮೀನುದಾರರ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲೂಕು ಕಚೇರಿಗಳಲ್ಲಿ ಕಿಟಕಿಗಳನ್ನು ತೆರೆದರು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬರುತ್ತಿದ್ದಿತು. ಕೈಬರಹದ ಉತಾರಕ್ಕೆ ಇನ್ನು ಮೇಲೆ ಬೆಲೆಯಿಲ್ಲವೆಂದು ಸಾರಿದರು. ಇಲ್ಲಿ ಗಮನಿಸಬೇಕಾದುದು ಯಂತ್ರದ ವೇಗವಲ್ಲ, ಅದರ ಜೋಡಣೆ. ಗುಮಾಸ್ತನ ಮುಂದೆ ಫೋಲ್ಡರುಗಳ ಮೇಜಿರಲಿಲ್ಲ. ಊರು ಯಾವುದು, ನಂಬರು ಎಷ್ಟು ಎಂಬ ಪ್ರಶ್ನೆ ಕನ್ನಡದಲ್ಲಿದ್ದಿತು. ಯಂತ್ರದೊಳಗೆ ಹೋಗಲು ಅವನು ತನ್ನ ಬೆರಳಿನ ಗುರುತು ಕೊಡಬೇಕು; ನಾಳೆ 'ನಾನು ಬರೆಯಲಿಲ್ಲ' ಎನ್ನುವ ಹಾಗಿಲ್ಲ. ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಮುಂದೆ ಸಾಗಬೇಕು. ಬೇಕಾದವರ ಗಂಟನ್ನು ಮೇಲಕ್ಕೆಳೆಯುವದು ಸುಲಭವಲ್ಲ. ಎಲ್ಲಕ್ಕೂ ಮಿಗಿಲಾದದ್ದೆಂದರೆ ಎರಡನೆಯ ಪರದೆ. ಗುಮಾಸ್ತನು ನೋಡುವದನ್ನೇ ಕಿಟಕಿಯ ಹೊರಗೆ ನಿಂತವನೂ ನೋಡಲೆಂದು, ಜನರ ಕಡೆಗೆ ಮುಖಮಾಡಿ ಇನ್ನೊಂದು ಪರದೆಯನ್ನಿಟ್ಟರು.

ನೂರಾರು ವರುಷಗಳ ಪೆಟ್ಟಿಗೆ ಮೊದಲ ಸಲ ಆಚೆಗೂ ಇಳಿಜಾರಾಯಿತು. ಆ ದಿನಗಳಲ್ಲಿ ಒಂದು ತಾಲೂಕು ಕಚೇರಿಯ ಸರದಿಯಲ್ಲಿ ನಾನೂ ನಿಂತಿದ್ದೆ. ನನ್ನ ಮುಂದಿದ್ದ ವೃದ್ಧರೊಬ್ಬರು ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿ, "ತಡೀರಿ ಸಾಹೇಬ್ರ, ನಮ್ಮಪ್ಪ ನಿಂಗಪ್ಪ ಅಲ್ರೀ, ಲಿಂಗಪ್ಪ" ಎಂದರು. ಗುಮಾಸ್ತನು ತಲೆಯೆತ್ತಿ, "ಅಜ್ಜಾರ, ಹಳೇ ಪಹಣ್ಯಾಗ ಹಿಂಗ ಐತ್ರಿ" ಎಂದನು. "ಐತಿ ಅನ್ನೂದ ಇಂದ ಗೊತ್ತಾತು ನೋಡ್ರಿ" ಎಂದು ಅಜ್ಜಾರು ನಕ್ಕರು. ಆ ತಪ್ಪು ಅಲ್ಲಿ ಎಷ್ಟು ವರುಷದಿಂದ ಕುಳಿತಿದ್ದಿತೋ! ಎರಡನೆಯ ಪರದೆ ಅದನ್ನು ಒಂದು ಗಳಿಗೆಯಲ್ಲಿ ಹಿಡಿದುಕೊಟ್ಟಿತು. ಆದರೆ ತಿದ್ದಿಕೊಡಲಿಲ್ಲ. ತಿದ್ದಿಸಲು ಬೇರೆ ಅರ್ಜಿ, ಬೇರೆ ಕಿಟಕಿ, ಬೇರೆ ಹುಕುಮು. ಲಿಂಗಪ್ಪನ ಮಗ ತಾನೆಂದು ಸಿದ್ಧಪಡಿಸದೆ ಸೊಸಾಯಿಟಿಯಲ್ಲಿ ಬೆಳೆಸಾಲ ತೆಗೆಯುವದು ಹೇಗೆ, ಮಕ್ಕಳಿಗೆ ಪಾಲು ಕೊಡುವದು ಹೇಗೆ? ಅಜ್ಜಾರು ಅಚ್ಚಾದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಗೆ ನಡೆದರು.

ನೋಡಿರಿ, ಕೈಬರಹಕ್ಕೆ ಒಂದು ಗುಣವಿದ್ದಿತು. ಅನುಮಾನದಿಂದ ಬರೆದದ್ದು ಅನುಮಾನದಿಂದ ಬರೆದಂತೆಯೇ ಕಾಣುತ್ತಿದ್ದಿತು; ಪೆನ್ಸಿಲು ಪೆನ್ಸಿಲೇ. ಅಚ್ಚಿನ ಅಕ್ಷರದಲ್ಲಿ ನಿಂಗಪ್ಪನೂ ಲಿಂಗಪ್ಪನೂ ಒಂದೇ ಠೀವಿಯಿಂದ ನಿಲ್ಲುತ್ತಾರೆ. ಇನ್ನೂ ಒಂದು ಮಾತು. ಉತಾರ ಊರನ್ನು ಬಿಟ್ಟು ತಾಲೂಕಿಗೆ ಹೋಯಿತು. ನವಲಗುಂದದ ಎರಿ ಸೀಮೆಯಲ್ಲಿ ಮಳೆಗಾಲದ ಕೆಸರು ತುಳಿದವರಿಗೂ, ಕಲಘಟಗಿಯ ಅಡವಿ ಸೆರಗಿನ ಹಳ್ಳಿಗಳಿಂದ ಮುಂಜಾನೆಯ ಬಸ್ಸು ಹಿಡಿದವರಿಗೂ, 15 ರೂಪಾಯಿಯ ಹಾಳೆಗೆ ಒಂದು ದಿನದ ಕೂಲಿಯೂ ಸೇರುತ್ತಿದ್ದಿತು. ಅಣ್ಣಿಗೇರಿಯೇ ತಾಲೂಕಾದ ಮೇಲೆ ಆ ಸೀಮೆಯವರಿಗೆ ಹಾದಿ ಹತ್ತಿರವಾಯಿತು. ಈಗ ಅಂತರ್ಜಾಲದಲ್ಲಿ, ಕೈಯೊಳಗಿನ ಫೋನಿನಲ್ಲಿಯೇ ಉತಾರವನ್ನು ನೋಡಬಹುದು. ನೋಡುವದಷ್ಟೇ ಮನೆಗೆ ಬಂದಿದೆ; ತಪ್ಪಿದ್ದರೆ ತಿದ್ದಿಸುವ ಹಾದಿ ಈಗಲೂ ಕಚೇರಿಗೇ ಹೋಗುತ್ತದೆ. ಕೆಲಸ ಚುರುಕಾಯಿತೇ ಎಂದು ಕೇಳುವವರು ಗುಮಾಸ್ತನು ಗಂಟೆಗೆ ಎಷ್ಟು ಹಾಳೆ ತೆಗೆದನೆಂದು ಎಣಿಸುತ್ತಾರೆ. ಆ ಅಜ್ಜಾರು ತಿರುಗಾಡಿದ ದಿನಗಳನ್ನೂ ಆ ಲೆಕ್ಕದಲ್ಲಿ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

2024ರಲ್ಲಿ ಸರಕಾರವು 'ಭೂ ಸುರಕ್ಷಾ' ಎಂಬ ಹೆಸರಿನಿಂದ ಇನ್ನೊಂದು ಕೆಲಸಕ್ಕೆ ಕೈಹಾಕಿತು. ತಾಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿರುವ ಹಳೆಯ ಕಾಗದಗಳನ್ನು ಒಂದೊಂದಾಗಿ ಚಿತ್ರ ತೆಗೆದು ಯಂತ್ರದಲ್ಲಿಡುವ ಕೆಲಸ ಅದು. ಧೂಳು ಹಿಡಿದ ಗಂಟು ಬಿಚ್ಚಿ, ಕಂಸ ವರ್ತುಲಗಳುಳ್ಳ ಹಾಳೆಯೊಂದನ್ನು ಗಾಜಿನ ಮೇಲೆ ಹಾಸಿದ ಹುಡುಗನಿಗೆ, ಈ ಚಿತ್ರವನ್ನು ಯಾವ ಹೆಸರಿನಿಂದ ಇಡಬೇಕೆಂಬ ಪ್ರಶ್ನೆ ಎದುರಾಗುತ್ತದೆ: ದಿನದಿಂದಲೋ, ನಂಬರಿನಿಂದಲೋ, ಮನುಷ್ಯನಿಂದಲೋ? ಅವನ ಹತ್ತಿರ ನೀವು ನಿಂತಿದ್ದರೆ ಮೂರರಿಂದಲೂ ಇಡು ತಮ್ಮಾ ಎಂದು ಹೇಳಿರಿ. ಹಾಳೆಯ ಮೂಲೆಯಲ್ಲಿ ಮಾಸಿದ ಪೆನ್ಸಿಲಿನ ಗುರುತಿದ್ದರೆ ಬೆಳಕು ಸ್ವಲ್ಪ ಹೆಚ್ಚು ಮಾಡಿಕೊಳ್ಳಲಿಕ್ಕೂ ಹೇಳಿರಿ.