ಆಟದಲ್ಲಿ ತಲೆಗೆ ಪೆಟ್ಟು: ಆಸ್ಪತ್ರೆಗೆ ಒಯ್ಯಬೇಕಾದ ಸಮಯ

ಆಟವಾಡುವಾಗ ತಲೆಗೆ ಬೀಳುವ ಪೆಟ್ಟುಗಳಲ್ಲಿ ಹೆಚ್ಚಿನವು ವಿಶ್ರಾಂತಿಯಿಂದಲೇ ವಾಸಿಯಾಗುತ್ತವೆ. ಕೆಲವೇ ಕೆಲವು ತಲೆಬುರುಡೆಯೊಳಗೆ ರಕ್ತಸ್ರಾವ ತಂದು ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗುತ್ತವೆ. ಮೊದಲ ಹತ್ತು ನಿಮಿಷ ಇವೆರಡೂ ಒಂದೇ ತೆರನಾಗಿ ಕಾಣಬಹುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಜನ ಮೆದುಳಿನ ಶಸ್ತ್ರಚಿಕಿತ್ಸೆಗೆ ಬಹುಮಟ್ಟಿಗೆ ಬೆಂಗಳೂರನ್ನೇ ನೆಚ್ಚಿಕೊಂಡಿದ್ದಾರೆ. ಹೀಗಾಗಿ ಇಲ್ಲಿ ಹೊರಡುವ ತೀರ್ಮಾನ ಮೈದಾನದಲ್ಲೇ ಆಗಬೇಕಾಗುತ್ತದೆ.

ಪೆಟ್ಟು ಬೀಳುವ ಬಗೆ

ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿಯಲು ಬಗ್ಗಿದವನ ತಲೆಗೆ ಮೊಣಕಾಲು ತಾಗುತ್ತದೆ, ಇಲ್ಲವೇ ಎರಡು ಕಡೆಯಿಂದ ನುಗ್ಗಿದ ಇಬ್ಬರ ಹಣೆ ಡಿಕ್ಕಿ ಹೊಡೆಯುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳಗಳೇ ಕ್ರಿಕೆಟ್ ಮೈದಾನಗಳಾಗುತ್ತವೆ. ಬಿರುಕುಬಿಟ್ಟ ಗಟ್ಟಿನೆಲದಲ್ಲಿ ಚೆಂಡು ಎಲ್ಲಿ ಪುಟಿದೇಳುತ್ತದೆಂದು ಹೇಳಲಾಗದು. ಟೆನಿಸ್ ಚೆಂಡಿನ ಆಟಕ್ಕೆ ಹೆಲ್ಮೆಟ್ ಯಾರೂ ಹಾಕುವುದಿಲ್ಲ. ಅಲ್ಲಿ ಚೆಂಡಿಗಿಂತಲೂ ಒಂದೇ ಕ್ಯಾಚಿಗೆ ಓಡಿಬರುವ ಇಬ್ಬರ ಡಿಕ್ಕಿಯೇ ಹೆಚ್ಚು ಅಪಾಯಕಾರಿ.

ತಡಮಾಡಬಾರದ ಲಕ್ಷಣಗಳು

ಅರೆಕ್ಷಣವಾದರೂ ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು, ಒಂದಕ್ಕಿಂತ ಹೆಚ್ಚು ಸಲ ವಾಂತಿ, ಹೊತ್ತು ಕಳೆದಂತೆ ಏರುವ ತಲೆನೋವು, ಮಂಪರು ಹೆಚ್ಚಿ ಎಬ್ಬಿಸಲು ಕಷ್ಟವಾಗುವುದು, ಕೇಳಿದ್ದನ್ನೇ ಕೇಳುವುದು, ತೊದಲು, ಎಂದಿನಂತಿಲ್ಲದ ಸಿಡಿಮಿಡಿ, ಒಂದು ಕೈಯೋ ಕಾಲೋ ಸೋಲುವುದು, ಒಂದು ಎರಡಾಗಿ ಕಾಣುವುದು, ಕಣ್ಣುಗಳ ಪಾಪೆ ಒಂದು ದೊಡ್ಡದು, ಒಂದು ಚಿಕ್ಕದಾಗುವುದು, ಮೂಗು ಇಲ್ಲವೇ ಕಿವಿಯಿಂದ ನೀರಿನಂಥ ದ್ರವ ಅಥವಾ ರಕ್ತ ಸೋರುವುದು, ಕಿವಿಯ ಹಿಂಬದಿ ಅಥವಾ ಎರಡೂ ಕಣ್ಣಿನ ಸುತ್ತ ಕಪ್ಪುಗಟ್ಟುವುದು. ಇವುಗಳಲ್ಲಿ ಒಂದಿದ್ದರೂ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಯಾವ ಲಕ್ಷಣವಿಲ್ಲದಿದ್ದರೂ ವೈದ್ಯರಿಗೆ ತೋರಿಸಿಕೊಳ್ಳಬೇಕು.

ಹಣೆಯ ಮೇಲೆ ದೊಡ್ಡ ಬುಗುಟು ಎದ್ದರೆ ಜನ ಗಾಬರಿಯಾಗುತ್ತಾರೆ, ಏನೂ ಕಾಣದಿದ್ದರೆ ನಿರಾಳವಾಗುತ್ತಾರೆ. ಹೊರಗಿನ ಊತಕ್ಕೂ ಒಳಗಿನ ಹಾನಿಗೂ ನೇರ ಸಂಬಂಧವಿಲ್ಲ.

ಕತ್ತುನೋವು ಅಥವಾ ಕೈಕಾಲಿನಲ್ಲಿ ಜೋಮು ಇದೆ ಎಂದವನನ್ನು ತೋಳು ಹಿಡಿದು ಎತ್ತಿ ನಡೆಸಬಾರದು, ಬೆನ್ನುಹುರಿಗೂ ಪೆಟ್ಟಾಗಿರಬಹುದು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಫಿಟ್ಸ್ ಬಂದಾಗ ಕೈಗೆ ಬೀಗದ ಕೈಗೊಂಚಲು ತುರುಕುವ ರೂಢಿಯಿಂದ ಹೊತ್ತು ಕಳೆಯುತ್ತದೆಯೇ ಹೊರತು ಫಿಟ್ಸ್ ನಿಲ್ಲುವುದಿಲ್ಲ.

ಚೇತರಿಸಿಕೊಂಡಂತೆ ಕಾಣುವ ಅವಧಿ

ಕಿವಿಯ ಮುಂದೆ ತುಸು ಮೇಲಕ್ಕಿರುವ ಕಣತಲೆಯ ಭಾಗದಲ್ಲಿ ತಲೆಬುರುಡೆ ಬಹಳ ತೆಳು. ಅದರ ಒಳಮೈಗೆ ಅಂಟಿಕೊಂಡಂತೆ ಮಿಡಲ್ ಮೆನಿಂಜಿಯಲ್ ಅಪಧಮನಿ ಹಾದುಹೋಗುತ್ತದೆ. ಇಲ್ಲಿ ಮೂಳೆ ಸೀಳಿದರೆ ಅಪಧಮನಿ ಹರಿದು, ಮೂಳೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಶೇಖರವಾಗತೊಡಗುತ್ತದೆ. ಇದು ಎಕ್ಸ್‌ಟ್ರಾಡ್ಯೂರಲ್ ಹೆಮಟೋಮಾ. ಪೆಟ್ಟಿನ ಕ್ಷಣ ಕಣ್ಣು ಕತ್ತಲಿಟ್ಟವನು ಎದ್ದು ಕೂರುತ್ತಾನೆ, ನೀರು ಕುಡಿಯುತ್ತಾನೆ, ಮತ್ತೆ ಆಡುತ್ತೇನೆ ಎನ್ನುತ್ತಾನೆ. ರಕ್ತ ತುಂಬುತ್ತಾ ಹೋದಂತೆ ಮೆದುಳನ್ನು ಒತ್ತುತ್ತದೆ. ತಲೆನೋವು, ವಾಂತಿ, ಮಂಪರು ಕಾಣಿಸಿ ಅದೇ ಬದಿಯ ಪಾಪೆ ಹಿಗ್ಗುತ್ತದೆ, ಆಮೇಲೆ ಉಸಿರಾಟ ಕೆಡುತ್ತದೆ. ಈ ನಡುವಿನ ಅವಧಿ ಕೆಲವು ನಿಮಿಷಗಳಿಂದ ಹಲವು ಗಂಟೆಗಳವರೆಗೆ ಇರಬಹುದು. ಎಲ್ಲ ರೋಗಿಗಳಲ್ಲೂ ಅದು ಕಾಣಿಸಿಕೊಳ್ಳುವುದಿಲ್ಲ. ಸಕಾಲದಲ್ಲಿ ಮೂಳೆ ತೆರೆದು ರಕ್ತ ಹೊರತೆಗೆದರೆ ಬಹುತೇಕರು ಪೂರ್ತಿ ಗುಣವಾಗುತ್ತಾರೆ. ತಲೆಪೆಟ್ಟುಗಳಲ್ಲಿ ಇಷ್ಟರಮಟ್ಟಿಗೆ ವಾಸಿ ಮಾಡಬಲ್ಲ ತೊಂದರೆ ಅಪರೂಪ, ಆದ್ದರಿಂದ ಇಲ್ಲಿ ಕಳೆದುಕೊಂಡ ಹೊತ್ತಿಗೆ ಕ್ಷಮೆಯಿಲ್ಲ.

ಭಾರತದ ಆರಂಭಿಕ ಬ್ಯಾಟ್ಸ್‌ಮನ್ ರಮಣ್ ಲಾಂಬಾ ಅವರ ಸಾವನ್ನು ಇಲ್ಲಿ ವಿವರವಾಗಿ ನೆನೆಯಬೇಕು. 1998ರ ಫೆಬ್ರವರಿ 20ರಂದು ಢಾಕಾದ ಲೀಗ್ ಪಂದ್ಯವೊಂದರಲ್ಲಿ ಓವರ್ ಮುಗಿಯಲು ಕೆಲವೇ ಚೆಂಡು ಉಳಿದಿದ್ದಾಗ ಅವರು ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ ಇಲ್ಲದೆ ನಿಂತರು. ಮೆಹ್ರಾಬ್ ಹೊಸೇನ್ ಹೊಡೆದ ಚೆಂಡು ಅವರ ತಲೆಗೆ ಬಡಿದು ವಿಕೆಟ್ ಕೀಪರ್ ಕೈಸೇರಿತು, ಬ್ಯಾಟ್ಸ್‌ಮನ್ ಔಟಾದರು. ಲಾಂಬಾ ಎದ್ದು ನಡೆದೇ ಮೈದಾನದಿಂದ ಹೊರಬಂದರು. ಸ್ವಲ್ಪ ಹೊತ್ತಿನಲ್ಲೇ ಸ್ಥಿತಿ ಬಿಗಡಾಯಿಸಿತು. ಶಸ್ತ್ರಚಿಕಿತ್ಸೆ ನಡೆದರೂ ಪ್ರಜ್ಞೆ ಮರಳದೆ, ಫೆಬ್ರವರಿ 23ರಂದು 38ರ ವಯಸ್ಸಿನಲ್ಲಿ ತೀರಿಕೊಂಡರು. ಎದ್ದು ನಡೆದದ್ದನ್ನು ಗುಣವಾದ ಗುರುತೆಂದು ಎಣಿಸಬಾರದೆಂಬುದಕ್ಕೆ ಕ್ರಿಕೆಟ್ ಜಗತ್ತಿನಲ್ಲಿ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಕರ್ನಾಟಕದಲ್ಲಿ 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಕುಸಿದ ಮೈಸೂರಿನ ಯುವಕ ಕೆಲವೇ ದಿನಗಳಲ್ಲಿ ಅಸುನೀಗಿದ ಮೇಲೆ, ಪಂದ್ಯದ ಜಾಗದಲ್ಲಿ ವೈದ್ಯಕೀಯ ಏರ್ಪಾಡು ಇರಬೇಕೆಂಬ ಮಾತು ಬಲವಾಗಿ ಕೇಳಿಬಂತು.

ದಾರಿ ಮತ್ತು ಹೊತ್ತು

ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ನಡೆಯುತ್ತಿರುವ 108 ಆಂಬ್ಯುಲೆನ್ಸ್ ಸೇವೆಯನ್ನು ಮೊದಲು ಕರೆಯಬೇಕು. ಪ್ರಜ್ಞೆಯಿಲ್ಲದವನನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಒಯ್ಯುವುದು ಕತ್ತಿಗೂ ಉಸಿರಿಗೂ ಅಪಾಯ. ತಾಲ್ಲೂಕು ಆಸ್ಪತ್ರೆಯಲ್ಲಿ ಉಸಿರಾಟ, ರಕ್ತದೊತ್ತಡ ನೋಡಿ ಸ್ಥಿರಗೊಳಿಸುತ್ತಾರೆ. ಗ್ಲಾಸ್ಗೊ ಕೋಮಾ ಮಾಪಕದಲ್ಲಿ ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗೆ ಅಳೆಯುತ್ತಾರೆ. ಪೂರ್ಣ ಎಚ್ಚರವಿದ್ದವರಿಗೆ 15 ಅಂಕ. ಮೈದಾನದಿಂದ ಜೊತೆಗೆ ಹೋಗುವವರು ಪೆಟ್ಟು ಬಿದ್ದ ಗಳಿಗೆ, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಎಷ್ಟು ಸಲ ವಾಂತಿಯಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ವೈದ್ಯರಿಗೆ ದೊಡ್ಡ ಸಹಾಯ.

ಮುಂದೆ ಸಿ.ಟಿ. ಸ್ಕ್ಯಾನ್, ಅಗತ್ಯವಿದ್ದರೆ ಬೆಂಗಳೂರು. ಎರಡು ಸಂಸ್ಥೆಗಳು ಕೂಡಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಚಿಕ್ಕಬಳ್ಳಾಪುರದವರು ದೇವನಹಳ್ಳಿ–ಹೆಬ್ಬಾಳದ ಮೇಲೆ, ಗೌರಿಬಿದನೂರಿನವರು ದೊಡ್ಡಬಳ್ಳಾಪುರ–ಯಲಹಂಕದ ಮೇಲೆ, ಚಿಂತಾಮಣಿಯವರು ಹೊಸಕೋಟೆಯ ಮೇಲೆ ಬಂದು, ಆಮೇಲೆ ನಗರವನ್ನೂ ದಾಟಬೇಕು. ಸಂಜೆಯ ಪಂದ್ಯದ ಪೆಟ್ಟಿಗೆ ‘ಬೆಳಿಗ್ಗೆ ನೋಡೋಣ’ ಎಂದರೆ ಈ ದಾರಿ ಇನ್ನಷ್ಟು ಉದ್ದವಾಗುತ್ತದೆ.

ಮನೆಯಲ್ಲಿ ನಿಗಾ

ವೈದ್ಯರು ನೋಡಿ ಮನೆಗೆ ಕಳಿಸಿದವರನ್ನು ಮೊದಲ 24 ಗಂಟೆ ಒಬ್ಬರನ್ನೇ ಬಿಡಬಾರದು. ನಿದ್ದೆ ಮಾಡಬಾರದೆಂಬ ನಂಬಿಕೆ ವ್ಯಾಪಕವಾಗಿದ್ದರೂ, ತಪಾಸಣೆಯಾದ ಮೇಲೆ ನಿದ್ದೆಯಿಂದ ಕೆಡುಕಿಲ್ಲ. ಎಬ್ಬಿಸಿದರೆ ಎಚ್ಚರಾಗಿ ಸರಿಯಾಗಿ ಮಾತಾಡಬೇಕು, ಅಷ್ಟೇ. ನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ಮದ್ಯ ಬೇಡ, ಅದರ ಅಮಲು ಮಂಪರನ್ನು ಮರೆಮಾಚುತ್ತದೆ.

ಮತ್ತೆ ಆಟಕ್ಕೆ

ಸ್ಕ್ಯಾನ್ ಸರಿಯಿದ್ದರೂ ಕನ್ಕಷನ್, ಅಂದರೆ ಪೆಟ್ಟಿನಿಂದ ಮೆದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವ ಸ್ಥಿತಿ, ಇರಬಹುದು, ಏಕೆಂದರೆ ಅದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಅನುಮಾನ ಬಂದವರನ್ನು ಆ ದಿನ ಮತ್ತೆ ಕಣಕ್ಕಿಳಿಸಬಾರದು. ಅಂತರರಾಷ್ಟ್ರೀಯ ಕ್ರಿಕೆಟ್ 2019ರ ಆಗಸ್ಟ್‌ನಿಂದ ಅಂಥವರ ಜಾಗಕ್ಕೆ ಬದಲಿ ಆಟಗಾರನನ್ನು ಬಿಡುತ್ತಿದೆ. ಒಂದೆರಡು ದಿನದ ವಿಶ್ರಾಂತಿಯ ನಂತರ ನಡಿಗೆ, ಓಟ, ಮೈಸೋಂಕಿಲ್ಲದ ಅಭ್ಯಾಸ ಹೀಗೆ ಹಂತಹಂತವಾಗಿ, ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ ಕೊಟ್ಟು ಮುಂದುವರಿಯಬೇಕು. ಪಂದ್ಯಕ್ಕೆ ಮರಳುವ ಮುನ್ನ ವೈದ್ಯರ ಒಪ್ಪಿಗೆ ಬೇಕು. ಮಕ್ಕಳಲ್ಲಿ ಚೇತರಿಕೆಗೆ ಹಲವು ವಾರ ಹಿಡಿಯಬಹುದು. ಅವರು ಮೊದಲು ತರಗತಿಗೆ, ಆಮೇಲೆ ಆಟಕ್ಕೆ ಮರಳಬೇಕು.