ಹಣ್ಣಿನ ಪಕ್ವತೆಯ ಮಾಪನ: ಒಂದು ಐತಿಹಾಸಿಕ ಸಮೀಕ್ಷೆ

ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂಬ ಮಾತುಗಳಿಂದ ಕನ್ನಡವು ಮಾವಿನ ಅವಸ್ಥೆಗಳನ್ನು ವಿಂಗಡಿಸಿದೆ. ಬಲಿಯುವುದು ಬೇರೆ, ಮಾಗುವುದು ಬೇರೆ: ಮೊದಲನೆಯದು ಮರದ ಮೇಲೆಯೇ ಆಗತಕ್ಕದ್ದು, ಎರಡನೆಯದು ಅಡೆಹಾಕಿದಲ್ಲಿಯೂ ನಡೆಯಬಲ್ಲುದು. ಪಕ್ವತೆಯ ಮಾಪನದ ಇತಿಹಾಸಕ್ಕೆ ಈ ಭೇದವೇ ಮೂಲಸೂತ್ರ.

ಮಾಗುವಾಗ ಸೇಬಿನ ಉಸಿರಾಟವು ಒಮ್ಮೆಲೇ ಏರುವುದನ್ನು ಕಿಡ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು 1925ರಲ್ಲಿ ವಿವರಿಸಿದರು. ಮಾಗಿದ ಸೇಬು ಎಥಿಲೀನ್ ಅನಿಲವನ್ನು ಹೊರಸೂಸುವುದೆಂಬುದನ್ನು ಗೇನ್ ಎಂಬುವರು 1934ರಲ್ಲಿ ಸಾಧಿಸಿ ತೋರಿಸಿದರು. ಮಾವು, ಬಾಳೆಗಳೂ ಇದೇ ವರ್ಗದವು. ವ್ಯಾಪಾರದ ಬಾಳೆಗೆ, ಅಚ್ಚ ಹಸುರಿನಿಂದ ಕಂದುಚುಕ್ಕೆಯ ಹಳದಿಯವರೆಗೆ, ಏಳು ಹಂತಗಳ ವರ್ಣಪಟ್ಟಿಯು ರೂಢಿಗೆ ಬಂದಿತು.

ಆದರೆ ಬಣ್ಣವು ಮಾಗಿದುದನ್ನು ಸೂಚಿಸೀತೇ ಹೊರತು ಬಲಿತುದನ್ನು ಹೇಳಲಾರದು. ಆದುದರಿಂದ ಮಾವಿಗೆ ನೀರಿನ ಪರೀಕ್ಷೆಯು ಬಳಕೆಗೆ ಬಂದಿತು: ಬಲಿತ ಕಾಯಿಯ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1ನ್ನು ಮೀರುವುದರಿಂದ ಅದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹೊಮ್ಮುವ ಅನಿಲವು ಎಳೆಗಾಯಿಗೂ ಹೊಂಬಣ್ಣವನ್ನು ತಂದೀತು, ರುಚಿಯನ್ನು ತರಲಾರದು. ಏಕೆಂದರೆ ಸಕ್ಕರೆಯಾಗಿ ಮಾರ್ಪಡತಕ್ಕ ಪಿಷ್ಟವು ಅದರಲ್ಲಿ ಸಾಕಷ್ಟು ಕೂಡಿರುವುದಿಲ್ಲ. ಭಾರತದಲ್ಲಿ ಹಣ್ಣಿಗೆ ಕಾರ್ಬೈಡಿನ ಬಳಕೆ ನಿಷಿದ್ಧ. 2016ರಲ್ಲಿ ದಶಲಕ್ಷಕ್ಕೆ 100 ಭಾಗಗಳವರೆಗೆ ಎಥಿಲೀನಿಗೆ ಅನುಮತಿ ದೊರೆಯಿತು. ಆದರೂ ಬಲಿಯದ ಕಾಯಿಯ ಕೊರತೆಯನ್ನು ಎಥಿಲೀನೂ ತುಂಬಲಾರದು. ಕೊಳ್ಳುವವನು ಬಣ್ಣವನ್ನು ನೋಡಿ ಬೆಲೆ ಕಟ್ಟುವವರೆಗೂ ಬೆಳೆಗಾರನು ಎಳೆಗಾಯಿಯನ್ನು ಕೀಳುವ ಆಸೆಗೆ ಒಳಗಾಗುವನು.